ಬಿಸಿಲು ಕಾಯಿಸಿದ ನೀರಿನ ಜಮಾಖರ್ಚು

ಸೌರ ಹೀಟರಿನ ಉಳಿತಾಯವನ್ನು ಟ್ಯಾಂಕಿನ ಅಳತೆಯಿಂದಲ್ಲ, ಬಕೆಟ್ಟಿನ ಎಣಿಕೆಯಿಂದ ಲೆಕ್ಕ ಹಾಕಬೇಕು. ಮಾರುವವರು ಸಾಮಾನ್ಯವಾಗಿ ಹೇಳುವುದು ಟ್ಯಾಂಕಿನ ಲೆಕ್ಕ. 100 ಲೀಟರ್ ನೀರು ದಿನವೂ 25 ಡಿಗ್ರಿ ಸೆಲ್ಸಿಯಸ್‌ನಿಂದ 55 ಡಿಗ್ರಿಗೆ ಏರುತ್ತದೆ, ಅದನ್ನೇ ಗೀಸರಿನಲ್ಲಿ ಕಾಯಿಸಿದ್ದರೆ ಮೂರೂವರೆ ಯೂನಿಟ್ ಕರೆಂಟು ಆಗುತ್ತಿತ್ತು, ಆದ್ದರಿಂದ ದಿನಕ್ಕೆ ಮೂರೂವರೆ ಯೂನಿಟ್ ಮಿಕ್ಕಿತು. ಇದರಲ್ಲಿ ಭೌತಶಾಸ್ತ್ರ ಸರಿಯಾಗಿಯೇ ಇದೆ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು 4.19 ಕಿಲೊಜೌಲ್ ಶಾಖ ಬೇಕು. 100 ಲೀಟರಿಗೆ 30 ಡಿಗ್ರಿ ಎಂದರೆ ಸುಮಾರು 12,600 ಕಿಲೊಜೌಲ್, ಅದು ಮೂರೂವರೆ ಯೂನಿಟ್. ತಪ್ಪಿರುವುದು ಹೀಟರ್ ಹಾಕಿಸಿದ ಮನೆಯವರು ಅಷ್ಟೂ ಬಿಸಿನೀರನ್ನು ದಿನವೂ ಖರ್ಚು ಮಾಡುತ್ತಾರೆ ಎಂಬ ಊಹೆಯಲ್ಲಿ. ಟ್ಯಾಂಕಿನಲ್ಲಿ ಬಿಸಿಯಾಗಿ ಕೂತು, ರಾತ್ರಿ ಆರಿ, ಮಾರನೆಯ ದಿನ ಮತ್ತೆ ಬಿಸಿಯಾಗುವ ನೀರು ಯಾರ ಕರೆಂಟ್ ಬಿಲ್ಲನ್ನೂ ಇಳಿಸುವುದಿಲ್ಲ.

ಶ್ರೀರಂಗಪಟ್ಟಣ ತಾಲ್ಲೂಕಿನ ಬಾಬುರಾಯನಕೊಪ್ಪಲು ಬೆಂಗಳೂರು–ಮೈಸೂರು ರಸ್ತೆಯ ಊರು. ಇಂಥ ಊರಿನ ನಾಲ್ಕು ಜನರ ಮನೆಯೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ತಲೆಗೊಂದು ಬಕೆಟ್ಟು, ಬಕೆಟ್ಟಿಗೆ 20 ಲೀಟರ್, ಮೈಗೆ ಹಿತವಾಗುವ ಬಿಸಿ 40 ಡಿಗ್ರಿ. ಒಟ್ಟು 80 ಲೀಟರ್ ನೀರು 15 ಡಿಗ್ರಿ ಏರಬೇಕು. ಅದಕ್ಕೆ ಬೇಕಾದ ಶಾಖ ಸುಮಾರು 5,000 ಕಿಲೊಜೌಲ್, ಅಂದರೆ 1.4 ಯೂನಿಟ್. ಗೀಸರಿನ ಮೈಯಿಂದಲೂ ಪೈಪಿನಿಂದಲೂ ಸೋರಿಹೋಗುವ ಶಾಖ ಸೇರಿಸಿದರೆ 1.7 ಯೂನಿಟ್. ಟ್ಯಾಂಕಿನ ಲೆಕ್ಕ ತೋರಿಸಿದ್ದರ ಅರ್ಧ ಮಾತ್ರ. ಇನ್ನೊಂದು ಕಡೆಯಿಂದ ನೋಡಿದರೆ ಇದೇ ಲೆಕ್ಕ ಅನುಕೂಲದ ಮಾತನ್ನೂ ಹೇಳುತ್ತದೆ. 55 ಡಿಗ್ರಿಯ ನೀರಿಗೆ 25 ಡಿಗ್ರಿಯ ನೀರನ್ನು ಸಮಸಮ ಬೆರೆಸಿದರೆ 40 ಡಿಗ್ರಿ ಆಗುತ್ತದೆ. ಆದ್ದರಿಂದ 100 ಲೀಟರ್ ಟ್ಯಾಂಕು ಬಿಸಿಲಿನ ದಿನ ಕೊಡುವುದು ಐದು ಬಕೆಟ್ ಅಲ್ಲ, ಹತ್ತು ಬಕೆಟ್. ನಾಲ್ಕು ಜನರ ಮನೆಗೆ 200 ಲೀಟರಿನ ಹೀಟರ್ ಹಾಕಿಸುವುದು ದುಡ್ಡನ್ನು ತಾರಸಿಯ ಮೇಲೆ ಸುಮ್ಮನೆ ಇಟ್ಟಂತೆ.

ಈ ಸೀಮೆಗೆ ಬಿಸಿಲಿನ ಬಡತನವಿಲ್ಲ. ಶ್ರೀರಂಗಪಟ್ಟಣ 12.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರ ಒಮ್ಮೆ, ಆಗಸ್ಟ್ ಮೂರನೆಯ ವಾರ ಇನ್ನೊಮ್ಮೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆಯೇ ಬರುತ್ತಾನೆ. ವರ್ಷದ ಸರಾಸರಿ ತೆಗೆದರೆ ಒಂದು ಚದರ ಮೀಟರ್ ನೆಲದ ಮೇಲೆ ದಿನಕ್ಕೆ ಐದು ಯೂನಿಟ್ಟಿಗೂ ತುಸು ಹೆಚ್ಚು ಸೌರಶಕ್ತಿ ಬೀಳುತ್ತದೆ. ಮಂಡ್ಯ ಜಿಲ್ಲೆ ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿದ್ದು ವರ್ಷದ ಮಳೆ ಸುಮಾರು 700 ಮಿಲಿಮೀಟರ್ ಅಷ್ಟೆ. ಅತಿ ಹೆಚ್ಚು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಸುರಿಯುತ್ತದೆ. ಮಲೆನಾಡಿನಂತೆ ಮೂರು ತಿಂಗಳು ಸೂರ್ಯನ ಮುಖ ಕಾಣದ ಸ್ಥಿತಿ ಇಲ್ಲಿಲ್ಲ. ನೀರು ತುಂಬುವ ಹಬ್ಬದ ಹೊತ್ತಿಗೆ ಮೋಡ ಕಟ್ಟಿ, ಎಣ್ಣೆಸ್ನಾನದ ಬೆಳಗ್ಗೆ ತಾರಸಿಯ ನೀರು ಉಗುರುಬೆಚ್ಚಗೆ ಬರುವುದು ಮಾತ್ರ ಉಂಟು. ಆ ದಿನಕ್ಕೆ ಹಂಡೆಯನ್ನೋ ಗೀಸರನ್ನೋ ಉಳಿಸಿಕೊಂಡಿರಲೇಬೇಕು.

ಹೀಟರಿನ ಒಳಗೆ ನಡೆಯುವುದು ಸರಳ ಕೆಲಸ. 1891ರಲ್ಲಿ ಅಮೆರಿಕದ ಬಾಲ್ಟಿಮೋರಿನ ಕ್ಲಾರೆನ್ಸ್ ಕೆಂಪ್ ಗಾಜು ಮುಚ್ಚಿದ ಪೆಟ್ಟಿಗೆಯೊಳಗೆ ಕಪ್ಪು ಬಳಿದ ನೀರಿನ ತೊಟ್ಟಿಗಳನ್ನಿಟ್ಟು ಪೇಟೆಂಟ್ ಪಡೆದ. ಹಗಲು ನೀರು ಚೆನ್ನಾಗಿ ಕಾಯುತ್ತಿತ್ತು, ರಾತ್ರಿ ತಣ್ಣಗಾಗಿ ಬೆಳಗಿನ ಸ್ನಾನಕ್ಕೆ ಒದಗುತ್ತಿರಲಿಲ್ಲ. 1909ರಲ್ಲಿ ಕ್ಯಾಲಿಫೋರ್ನಿಯದ ವಿಲಿಯಂ ಬೈಲಿ ಕಾಯಿಸುವ ಜಾಗವನ್ನೂ ಕೂಡಿಡುವ ಜಾಗವನ್ನೂ ಬೇರೆ ಮಾಡಿದ. ಬಿಸಿಲಿಗೆ ಒಡ್ಡಿದ ಕೊಳವೆಗಳು ಕೆಳಗೆ, ಶಾಖ ಸೋರದಂತೆ ಹೊದಿಕೆ ಹೊದ್ದ ಟ್ಯಾಂಕು ಮೇಲೆ. 60 ಡಿಗ್ರಿಗೆ ಕಾದ ಒಂದು ಘನ ಮೀಟರ್ ನೀರು 25 ಡಿಗ್ರಿಯ ನೀರಿಗಿಂತ ಸುಮಾರು 14 ಕಿಲೊ ಹಗುರ. ಅಷ್ಟು ವ್ಯತ್ಯಾಸವೇ ಸಾಕು, ಬಿಸಿನೀರು ತಾನಾಗಿ ಟ್ಯಾಂಕಿಗೆ ಏರುತ್ತದೆ, ತಣ್ಣೀರು ತಾನಾಗಿ ಕೊಳವೆಗೆ ಇಳಿಯುತ್ತದೆ. ಪಂಪು ಬೇಡ, ಕರೆಂಟು ಬೇಡ. ಇವತ್ತು ಮಂಡ್ಯ, ಮೈಸೂರಿನ ತಾರಸಿಗಳ ಮೇಲಿರುವ ಮನೆಬಳಕೆಯ ಹೀಟರುಗಳೂ ಇದೇ ತತ್ವದ ಮೇಲೆ ನಡೆಯುತ್ತವೆ.

ಮಾರುಕಟ್ಟೆಯಲ್ಲಿ ಎರಡು ಬಗೆ. ಒಂದು ಚಪ್ಪಟೆ ಫಲಕದ್ದು. ಸುಮಾರು ಎರಡು ಚದರ ಮೀಟರಿನ ಪೆಟ್ಟಿಗೆ, ಮೇಲೆ ಗಟ್ಟಿ ಗಾಜು, ಒಳಗೆ ಕಪ್ಪು ಲೇಪನದ ತಾಮ್ರದ ತಗಡು ಮತ್ತು ಕೊಳವೆ, ಅಡಿಯಲ್ಲಿ ಶಾಖ ತಡೆಯುವ ಹಾಸು. ಇದಕ್ಕೆ ಭಾರತೀಯ ಮಾನಕ ಐ.ಎಸ್. 12933 ಅನ್ವಯಿಸುತ್ತದೆ. ಇನ್ನೊಂದು ಗಾಜಿನ ಕೊಳವೆಯದು. ಥರ್ಮಾಸ್ ಫ್ಲಾಸ್ಕಿನಂತೆ ಎರಡು ಪದರ ಗಾಜು, ನಡುವೆ ನಿರ್ವಾತ. ಚೀನಾದಲ್ಲಿ ಅಗ್ಗವಾಗಿ ತಯಾರಾಗತೊಡಗಿದ ಮೇಲೆ ಕೊಳವೆಯ ಹೀಟರು ಜಗತ್ತಿನೆಲ್ಲೆಡೆ ಹರಡಿತು. ಇಲ್ಲಿಯೂ ಬೆಲೆಯಲ್ಲಿ ಅದೇ ಕಡಿಮೆ. ಮೋಡದ ದಿನ, ಚಳಿಯ ದಿನ ಕೊಳವೆಯದು ಮೇಲುಗೈ, ನಿರ್ವಾತದ ಮೂಲಕ ಶಾಖ ಹೊರಗೆ ಹೋಗುವುದು ತೀರ ಕಡಿಮೆಯಾದ ಕಾರಣ. ಫಲಕದ್ದು ಗಟ್ಟಿಮುಟ್ಟು, ಕೋತಿ ಹಾರಿದರೂ ತೆಂಗಿನ ಗರಿ ಬಿದ್ದರೂ ಸಾಮಾನ್ಯವಾಗಿ ತಾಳಿಕೊಳ್ಳುತ್ತದೆ. ಕೊಳವೆ ಒಡೆದರೆ ಟ್ಯಾಂಕಿನ ನೀರೆಲ್ಲ ಖಾಲಿ. ಕೊಳವೆಯ ತುದಿಯಲ್ಲಿ ಕನ್ನಡಿಯಂತೆ ಹೊಳೆಯುವ ಬೆಳ್ಳಿ ಬಣ್ಣದ ಭಾಗವೊಂದಿರುತ್ತದೆ. ಅದು ಹಾಲಿನಂತೆ ಬಿಳಿಚಿಕೊಂಡಿದ್ದರೆ ನಿರ್ವಾತ ಹೋಯಿತೆಂದು ಅರ್ಥ. ಅಂಥ ಕೊಳವೆ ಹಗಲು ಕಾಯಿಸಿದ್ದನ್ನು ಹಾಗೆಯೇ ಗಾಳಿಗೆ ಬಿಟ್ಟುಬಿಡುತ್ತದೆ. ಬದಲಾಯಿಸುವ ಖರ್ಚು ಕೆಲವು ನೂರು ರೂಪಾಯಿ. ಇಷ್ಟನ್ನು ಗಮನಿಸದೆ ಇಡೀ ಹೀಟರನ್ನೇ ದಂಡವೆಂದು ತೆಗೆದಿಡಬಾರದು.

ನೀರಿನ ಗುಣ

ಹೀಟರಿನ ಆಯಸ್ಸನ್ನು ನಿರ್ಧರಿಸುವುದು ಬಿಸಿಲಿಗಿಂತ ನೀರು. ಮಂಡ್ಯ ಜಿಲ್ಲೆಯಲ್ಲಿ ನೀರು ಎಲ್ಲ ಕಡೆ ಒಂದೇ ತೆರನಾಗಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರದ ಬಯಲಿನಲ್ಲಿ ಕಾವೇರಿ ಮತ್ತು ಅದರ ನಾಲೆಗಳು ಹತ್ತಿರ. ಚಿಕ್ಕದೇವರಾಯಸಾಗರ ನಾಲೆ, ವಿಶ್ವೇಶ್ವರಯ್ಯ ನಾಲೆಗಳ ಸೀಮೆ ಅದು. ಹೊಳೆಯ ನೀರು ಮೆದು. ನಾಗಮಂಗಲದ ಕಡೆ, ಕೆ.ಆರ್. ಪೇಟೆಯ ನಾಲೆ ಮುಟ್ಟದ ಊರುಗಳಲ್ಲಿ ಬೋರ್‌ವೆಲ್ಲೇ ಗತಿ, ಕಲ್ಲಿನ ಪದರದಲ್ಲಿ ಆಳಕ್ಕೆ ಹೋದಷ್ಟೂ ಗಡಸು ನೀರು ಬರುವುದು ಸಾಮಾನ್ಯ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಒಪ್ಪುವ ಮಿತಿ. ಬೇರೆ ನೀರೇ ಇಲ್ಲದಾಗ 600ರವರೆಗೆ ಸಹಿಸಬಹುದು ಎಂದಿದೆ. ಹೀಟರಿಗೆ ಆ ಸಹನೆ ಇಲ್ಲ.

ಕಾರಣ ರಸಾಯನಶಾಸ್ತ್ರದ್ದು. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾದಾಗ ಒಡೆದು ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಹಂಡೆಯ ತಳದಲ್ಲಿ ಬಿಳಿಯ ಗಾರೆಯಂತೆ ಕೂರುವುದು ಅದೇ. ಲೀಟರಿಗೆ 300 ಮಿಲಿಗ್ರಾಂ ಗಡಸುತನದ ನೀರು ದಿನಕ್ಕೆ 100 ಲೀಟರಿನಂತೆ ಹೀಟರಿನಲ್ಲಿ ಹಾದರೆ ವರ್ಷಕ್ಕೆ 11 ಕಿಲೊ ಲವಣ ಹಾದುಹೋದಂತಾಯಿತು. ಅದರಲ್ಲಿ ನೂರಕ್ಕೆ ಐದರಷ್ಟು ಒಳಗೆ ಕೂತರೂ ಅರ್ಧ ಕಿಲೊ ಗಾರೆ. ಈ ಗಾರೆ ತಾಮ್ರಕ್ಕಿಂತ ನೂರು ಪಟ್ಟಿಗೂ ಮೀರಿ ಶಾಖವನ್ನು ತಡೆಯುತ್ತದೆ. ಚಪ್ಪಟೆ ಫಲಕದ ಕಿರಿದಾದ ತಾಮ್ರದ ಕೊಳವೆಗಳು ಮೊದಲು ಇಕ್ಕಟ್ಟಾಗಿ, ಆಮೇಲೆ ಮುಚ್ಚಿಯೇ ಹೋಗುತ್ತವೆ. ಗಾಜಿನ ಕೊಳವೆಯ ಬಾಯಿ ಅಗಲ, ಬಿಚ್ಚಿ ತೊಳೆಯಬಹುದು. ಹಾಗಾಗಿ ಬೋರ್‌ವೆಲ್ ನೀರಿನ ಮನೆಗೆ ಕೊಳವೆಯ ಹೀಟರು, ಹೊಳೆ ನೀರಿನ ಮನೆಗೆ ತಾಮ್ರದ ಫಲಕ ಎಂಬುದು ಈ ಸೀಮೆಗೆ ಒಪ್ಪುವ ಆಯ್ಕೆ. ಕೊಳ್ಳುವ ಮೊದಲು ನೀರಿನ ಗಡಸುತನವನ್ನು ಪರೀಕ್ಷೆ ಮಾಡಿಸುವುದು ಕಂಪನಿಗಳ ಜಾಹೀರಾತು ಓದುವುದಕ್ಕಿಂತ ಹೆಚ್ಚು ಉಪಯೋಗ. ನಲ್ಲಿಯಲ್ಲಿ ಬರುವ ಬಿಸಿನೀರಿನ ರಭಸ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದರೆ ಗಾರೆ ತೆಗೆಸುವ ಕಾಲ ಬಂದಿದೆ. ಅದು ಆಮ್ಲ ಬಳಸುವ ಕೆಲಸವಾದ್ದರಿಂದ ಗೊತ್ತಿರುವವರಿಂದಲೇ ಮಾಡಿಸಬೇಕು.

ಇಂತಿಷ್ಟು ಹೊತ್ತಿಗೆ ಮಾತ್ರ ನಲ್ಲಿ ನೀರು ಬರುವ ಊರುಗಳಲ್ಲಿ ಇನ್ನೊಂದು ಅಪಾಯವಿದೆ. ಮೇಲಿನ ಟ್ಯಾಂಕು ಬರಿದಾಗಿ ಗಾಜಿನ ಕೊಳವೆ ಒಣಗಿ ಬಿಸಿಲಿನಲ್ಲಿ ನಿಂತರೆ ಒಳಗಿನ ಬಿಸಿ ನೀರು ಕುದಿಯುವ ಮಟ್ಟವನ್ನು ಎಷ್ಟೋ ಮೀರಿ ಏರುತ್ತದೆ. ಮಧ್ಯಾಹ್ನ ನಲ್ಲಿ ಬಂದು ತಣ್ಣೀರು ನುಗ್ಗಿತೆಂದರೆ ಕೊಳವೆ ಸೀಳಿಹೋಗುತ್ತದೆ. ಖಾಲಿಯಾದ ಹೀಟರಿಗೆ ನೀರು ತುಂಬಬೇಕಾದ್ದು ಬೆಳಗ್ಗೆ ಬಿಸಿಲೇರುವ ಮುಂಚೆ.

ಯಾವ ಉರುವಲಿನ ಬದಲಿಗೆ

ಈಗ ರೂಪಾಯಿಯ ಲೆಕ್ಕ. ಕಂಪನಿ, ಬಗೆ, ಗಾತ್ರಕ್ಕೆ ತಕ್ಕಂತೆ ಬೆಲೆ ಏರಿಳಿಯುತ್ತದೆ. 2022ರ ಜುಲೈನಲ್ಲಿ ಸೌರ ಹೀಟರಿನ ಜಿ.ಎಸ್.ಟಿ. ಶೇ. 5ರಿಂದ 12ಕ್ಕೆ ಏರಿ, 2025ರ ಸೆಪ್ಟೆಂಬರ್ 22ರಿಂದ ಮತ್ತೆ 5ಕ್ಕೆ ಇಳಿದಿದೆ. ಲೆಕ್ಕದ ಅನುಕೂಲಕ್ಕೆ 100 ಲೀಟರಿನ ಕೊಳವೆ ಹೀಟರಿಗೆ ಪ್ಲಂಬಿಂಗೂ ಸೇರಿ 25,000 ರೂಪಾಯಿ ಎಂದಿಟ್ಟುಕೊಳ್ಳೋಣ. ನಾಲ್ಕು ಬಕೆಟ್ಟಿನ ಮನೆ ವರ್ಷಕ್ಕೆ 300 ದಿನ ಬಿಸಿನೀರು ಬಳಸಿದರೆ ಗೀಸರಿಗೆ ಸುಮಾರು 500 ಯೂನಿಟ್ ಬೇಕು. ಮೋಡದ ದಿನಗಳನ್ನು ಬಿಟ್ಟು, ಐದರಲ್ಲಿ ನಾಲ್ಕು ಪಾಲು ಬಿಸಿಲಿನಿಂದ ಸಿಕ್ಕಿದರೆ 400 ಯೂನಿಟ್ ಉಳಿತಾಯ. ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಗೃಹಬಳಕೆಯ ದರ 2025ರ ಏಪ್ರಿಲ್‌ನಿಂದ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ. ಪಿಂಚಣಿಯ ಬಾಬತ್ತಿನಲ್ಲಿ ಆ ವರ್ಷ ಕೂಡಿದ 36 ಪೈಸೆಯನ್ನೂ ತೆರಿಗೆಯನ್ನೂ ಕೂಡಿದರೆ ಹತ್ತಿರ ಹತ್ತಿರ 6 ರೂಪಾಯಿ 70 ಪೈಸೆ. ವರ್ಷದ ಉಳಿತಾಯ ಸುಮಾರು 2,700 ರೂಪಾಯಿ. ಹಾಕಿದ ದುಡ್ಡು ವಾಪಸಾಗಲು ಒಂಬತ್ತು ವರ್ಷಕ್ಕೂ ಮೇಲೆ ಬೇಕು.

ಅದೇ 100 ಲೀಟರಿನ ಹೀಟರನ್ನು ಎಂಟು ಜನರ ಕೂಡುಕುಟುಂಬ ಬಳಸಿದರೆ ಲೆಕ್ಕ ತಿರುಗಿಬಿಡುತ್ತದೆ. ಎಂಟು ಬಕೆಟ್ ಸ್ನಾನಕ್ಕೆ, ಎರಡು ಬಕೆಟ್ ಪಾತ್ರೆ ತೊಳೆಯುವುದಕ್ಕೆ ಆದರೂ ಬಿಸಿಲಿನ ದಿನ ಅದರಲ್ಲೇ ನಡೆಯುತ್ತದೆ. ವರ್ಷಕ್ಕೆ ಉಳಿಯುವುದು 900 ಯೂನಿಟ್ಟಿಗೂ ಹೆಚ್ಚು, ರೂಪಾಯಿಯಲ್ಲಿ ಆರು ಸಾವಿರಕ್ಕೂ ಮೇಲೆ. ನಾಲ್ಕು ವರ್ಷದಲ್ಲಿ ಅಸಲು ಬಂದಂತೆ. ಪುಷ್ಯದ ಚಳಿಯಲ್ಲಿ ತಣ್ಣೀರೇ 20 ಡಿಗ್ರಿಗೆ ಇಳಿದಿರುವಾಗ ಸಾಲದೆ ಬರಬಹುದೆಂದು 150 ಲೀಟರಿನದನ್ನು ಹಾಕಿಸಿದರೂ ಐದಾರು ವರ್ಷ ಸಾಕು. ಒಂದೇ ಗೋಡೆಯ ಅಣ್ಣತಮ್ಮಂದಿರ ಎರಡು ಮನೆಗೆ ಎರಡು ಹೀಟರಿಗಿಂತ ಒಂದೇ ಹೀಟರು ಲಾಭ.

ಕರ್ನಾಟಕದಲ್ಲಿ ಈ ಲೆಕ್ಕಕ್ಕೆ 2023ರ ಜುಲೈನಿಂದ ಬೇರೊಂದು ತಿರುವು ಬಂದಿದೆ. ಗೃಹಜ್ಯೋತಿ ಯೋಜನೆಯಲ್ಲಿ ಮನೆಯ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ಅರ್ಹತೆ ಗೊತ್ತುಮಾಡಿ, 200 ಯೂನಿಟ್ಟಿನ ಮಿತಿಯೊಳಗೆ ಅಷ್ಟನ್ನು ಉಚಿತವಾಗಿ ಕೊಡಲಾಗುತ್ತದೆ. ಗೀಸರ್ ಸೇರಿಯೂ ಅರ್ಹತೆಯೊಳಗೇ ಇರುವ ಮನೆಗೆ ಸೌರ ಹೀಟರಿನಿಂದ ಬಿಲ್ಲಿನಲ್ಲಿ ಬಿಡಿಕಾಸೂ ಉಳಿಯುವುದಿಲ್ಲ. ಇದನ್ನು ಮರೆಮಾಚಿ ಮಾರುವುದು ಅನ್ಯಾಯ. ಅಂಚಿನಲ್ಲಿರುವ ಮನೆಯ ಸ್ಥಿತಿ ಇದಕ್ಕೆ ತದ್ವಿರುದ್ಧ. ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲನ್ನೂ ಕಟ್ಟಬೇಕು. ಸ್ನಾನದ 50 ಯೂನಿಟ್ ತಪ್ಪಿದ್ದರಿಂದ 210ರ ಬಳಕೆ 160ಕ್ಕೆ ಇಳಿದರೆ ಆ ಮನೆಗೆ ಉಳಿಯುವುದು 50 ಯೂನಿಟ್ಟಿನ ಬೆಲೆಯಲ್ಲ, ಬಿಲ್ಲಿನ ಬಹುಭಾಗ. ಸೌರ ಹೀಟರ್ ಇರುವ ಮನೆಗೆ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ರಿಯಾಯಿತಿ ರಾಜ್ಯದ ದರಪಟ್ಟಿಯಲ್ಲಿ ಬಹುಕಾಲದಿಂದ ಬಂದಿದೆ. ವರ್ಷಕ್ಕೆ 600 ರೂಪಾಯಿಯ ಈ ನೆರವು ಬಿಲ್ಲು ಕಟ್ಟುವವರಿಗಷ್ಟೇ ಅರ್ಥಪೂರ್ಣ.

ಗ್ಯಾಸ್ ಗೀಸರ್ ಇರುವಲ್ಲಿ ನಾಲ್ಕು ಬಕೆಟ್ಟಿನ ಮನೆ ಸ್ನಾನಕ್ಕೇ ವರ್ಷಕ್ಕೆ 14.2 ಕಿಲೊದ ಸುಮಾರು ಮೂರು ಸಿಲಿಂಡರ್ ಸುಡುತ್ತದೆ. ಖರ್ಚು ಕರೆಂಟಿಗಿಂತ ಬಹಳ ಕಡಿಮೆಯೇನಲ್ಲ. ಗಾಳಿಯಾಡದ ಬಚ್ಚಲಿನಲ್ಲಿ ಪ್ರಾಣಾಪಾಯ ಬೇರೆ.

ಸೌದೆಯ ಲೆಕ್ಕ ಎಲ್ಲಕ್ಕಿಂತ ದೊಡ್ಡದು. ಅಡುಗೆಮನೆಗೆ ಗ್ಯಾಸ್ ಬಂದ ಮೇಲೂ ಬಚ್ಚಲಿನ ಹಂಡೆಯೊಲೆ ಉಳಿದ ಮನೆಗಳು ಹಳ್ಳಿಗಳಲ್ಲಿ ಸಾಕಷ್ಟಿವೆ. ಒಣಸೌದೆ ಕಿಲೊಗೆ ಸುಮಾರು 15,000 ಕಿಲೊಜೌಲ್ ಶಾಖ ಕೊಡುತ್ತದೆ. ತೆರೆದ ಒಲೆಯಲ್ಲಿ ಅದರ ಹತ್ತರಲ್ಲೊಂದು ಪಾಲು, ತುಸು ಚೆನ್ನಾಗಿ ಕಟ್ಟಿದ ಒಲೆಯಾದರೆ ಏಳರಲ್ಲೊಂದು ಪಾಲು ನೀರಿಗೆ ಸೇರುತ್ತದೆ. ಮಿಕ್ಕಿದ್ದು ಹೊಗೆಯ ಜೊತೆ ಹೋಗುತ್ತದೆ. ನಾಲ್ಕು ಬಕೆಟ್ಟಿಗೆ ದಿನಕ್ಕೆ ಸುಮಾರು ಮೂರು ಕಿಲೊ, ವರ್ಷಕ್ಕೆ ಹತ್ತಿರ ಹತ್ತಿರ ಒಂದು ಟನ್. ತೋಟವಿದ್ದವರ ಮನೆಯಲ್ಲಿ ಇದು ತೆಂಗಿನ ಗರಿ, ಕರಟ, ಹಿಪ್ಪುನೇರಳೆ ಕಡ್ಡಿಯ ರೂಪದಲ್ಲಿ ಬರುವುದರಿಂದ ಬಿಟ್ಟಿ ಎನಿಸುತ್ತದೆ. ಬಿಟ್ಟಿಯಲ್ಲ. ಆಯ್ದು ತರುವುದು, ಒಣಗಿಸುವುದು, ಬೆಳಗಿನ ಜಾವ ಎದ್ದು ಊದಿ ಉರಿಸುವುದು ಹೆಂಗಸರ ಪಾಲಿನ ದುಡಿಮೆ. ಆ ಹೊಗೆ ಅವರ ಶ್ವಾಸಕೋಶದ ಪಾಲು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ ನಾಗಮಂಗಲಕ್ಕೆ ಆತುಕೊಂಡ ಕುಣಿಗಲ್ ತಾಲ್ಲೂಕಿನ ಊರುಗಳಲ್ಲಿ ಮನೆಮನೆಯ ಉರುವಲನ್ನು ಅಳೆದಾಗ ಹಳ್ಳಿಯ ಶಕ್ತಿಯಲ್ಲಿ ಬಹುಪಾಲು ಸೌದೆಯದೇ ಎಂದು ಕಂಡುಬಂದಿತ್ತು. ಹೊಗೆ ಕಡಿಮೆ ಮಾಡುವ ಅಸ್ತ್ರ ಒಲೆ ಹುಟ್ಟಿದ್ದು ಆ ಕಾಳಜಿಯಿಂದ. ಸೌದೆ ಕೊಂಡು ತರುವ ಮನೆಗಂತೂ ಸೌರ ಹೀಟರು ಗೀಸರಿನ ಮನೆಗಿಂತ ಬೇಗ ಅಸಲು ತೀರಿಸಬಲ್ಲದು. ಹೆಂಚಿನ ಮನೆಯವರು ತಾರಸಿ ಇಲ್ಲವೆಂದು ಕೈಬಿಡಬೇಕಿಲ್ಲ. ನೀರು ತುಂಬಿದ ಹೀಟರಿನ ಭಾರ ಒಂದೂವರೆ ಕ್ವಿಂಟಲ್ ಆಗಬಹುದು, ಹೆಂಚು ಅದನ್ನು ತಾಳದು. ಹಿತ್ತಲಿನಲ್ಲಿ ನೆರಳು ಬೀಳದ ಕಡೆ ಸ್ಟ್ಯಾಂಡ್ ಮೇಲೆ ನಿಲ್ಲಿಸಿದರೂ ಅದೇ ಕೆಲಸ ಮಾಡುತ್ತದೆ, ತಣ್ಣೀರಿನ ಟ್ಯಾಂಕು ಅದಕ್ಕಿಂತ ಎತ್ತರದಲ್ಲಿದ್ದರಾಯಿತು.

ಮನೆಯ ಲೆಕ್ಕದಾಚೆ ಊರಿನ ಲೆಕ್ಕವೂ ಉಂಟು. ಗೀಸರ್ ಒಂದಕ್ಕೆ 2 ಕಿಲೊವ್ಯಾಟ್. ಬೆಳಗ್ಗೆ ಏಳಕ್ಕೆ ಬೀದಿಯ 30 ಮನೆಗಳಲ್ಲಿ ಒಟ್ಟಿಗೆ ಸ್ವಿಚ್ ಒತ್ತಿದರೆ 60 ಕಿಲೊವ್ಯಾಟ್, 63 ಕೆ.ವಿ.ಎ. ಟ್ರಾನ್ಸ್‌ಫಾರ್ಮರ್ ಅಷ್ಟಕ್ಕೇ ತುಂಬಿತು. ದೀಪ ಮಂಕಾಗುತ್ತದೆ, ಮೋಟಾರು ಬಿಸಿಯಾಗುತ್ತದೆ. ಇದೇ ಜಿಲ್ಲೆಯ ಶಿವನಸಮುದ್ರದಲ್ಲಿ 1902ರಲ್ಲಿ ಜಲವಿದ್ಯುತ್ ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ಇಂದು ರಾಜ್ಯದ ಕರೆಂಟಿನಲ್ಲಿ ಕಲ್ಲಿದ್ದಲಿನ ಪಾಲೂ ದೊಡ್ಡದಿದೆ. ಕಲ್ಲಿದ್ದಲು ಸುಟ್ಟ ಶಾಖದಲ್ಲಿ ಮೂರನೆಯ ಒಂದು ಭಾಗ ಮಾತ್ರ ಕರೆಂಟಾಗುತ್ತದೆ. ಅದನ್ನು ನೂರಾರು ಕಿಲೊಮೀಟರ್ ತಂತಿಯಲ್ಲಿ ತಂದು ಮತ್ತೆ ಶಾಖವಾಗಿಸಿ ನೀರನ್ನು 40 ಡಿಗ್ರಿಗೆ ಬೆಚ್ಚಗೆ ಮಾಡುವುದು ಬೆಲೆಬಾಳುವ ಶಕ್ತಿಯನ್ನು ಅಗ್ಗದ ಕೆಲಸಕ್ಕೆ ಸುರಿದಂತೆ. ಶಕ್ತಿಯನ್ನು ಉಳಿಸಲೆಂದು ಇಸ್ರೇಲ್ 1980ರಲ್ಲಿ, ಸ್ಪೇನಿನ ಬಾರ್ಸಿಲೋನಾ ನಗರ 2000ದಲ್ಲಿ ಹೊಸ ಕಟ್ಟಡಗಳಿಗೆ ಸೌರ ಹೀಟರು ಕಡ್ಡಾಯ ಮಾಡಿದವು. ಕರ್ನಾಟಕವೂ 2007ರಲ್ಲಿ ನಿಗದಿತ ಅಳತೆ ಮೀರಿದ ಹೊಸ ಮನೆಗಳಿಗೆ ಈ ನಿಯಮ ತಂದು ವಿದ್ಯುತ್ ಸಂಪರ್ಕಕ್ಕೆ ಜೋಡಿಸಿತು. 2010ರ ರಾಷ್ಟ್ರೀಯ ಸೌರ ಮಿಷನ್ ಅಡಿ ಹೀಟರಿಗೆ ಸಿಗುತ್ತಿದ್ದ ಕೇಂದ್ರದ ಸಹಾಯಧನ 2014ರಲ್ಲಿ ನಿಂತುಹೋಯಿತು.

ಈಗ ಕೇಂದ್ರದ ಸಹಾಯಧನ ಇರುವುದು ಸೌರ ವಿದ್ಯುತ್ತಿಗೆ. 2024ರ ಪಿ.ಎಂ. ಸೂರ್ಯಘರ್ ಯೋಜನೆ ತಾರಸಿಯ ವಿದ್ಯುತ್ ಫಲಕಕ್ಕೆ ಮೊದಲ ಎರಡು ಕಿಲೊವ್ಯಾಟ್‌ವರೆಗೆ ಕಿಲೊವ್ಯಾಟಿಗೆ 30,000 ರೂಪಾಯಿ ಕೊಡುತ್ತದೆ. ಒಂದು ಕಿಲೊವ್ಯಾಟ್ ಫಲಕ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ, ಬಿಸಿನೀರು ಬೇಡದ ದಿನ ಫ್ಯಾನು, ಫ್ರಿಜ್ಜಿಗೂ ಆಗುತ್ತದೆ. ಜಾಗದ ಲೆಕ್ಕದಲ್ಲಿ ಮಾತ್ರ ಹೀಟರೇ ಮುಂದು: ಬಿದ್ದ ಬಿಸಿಲಿನಲ್ಲಿ ವಿದ್ಯುತ್ ಫಲಕ ಐದನೆಯ ಒಂದು ಭಾಗವನ್ನು ಹಿಡಿದರೆ ಹೀಟರು ಹತ್ತಿರ ಹತ್ತಿರ ಅರ್ಧವನ್ನು ಹಿಡಿಯುತ್ತದೆ. ಜನ ಹೆಚ್ಚು, ತಾರಸಿ ಚಿಕ್ಕದು ಇರುವಲ್ಲಿ ಹೀಟರು. ತಾರಸಿ ದೊಡ್ಡದು, ಜನ ಕಡಿಮೆ, ಬಿಲ್ಲು ಹೆಚ್ಚು ಇರುವಲ್ಲಿ ಸಹಾಯಧನದ ವಿದ್ಯುತ್ ಫಲಕವೇ ಇಂದಿನ ದರಗಳಲ್ಲಿ ಮೇಲು.

ಹೀಟರು ಹಾಕಿಸಿದ ಮೇಲೆ ಉಳಿತಾಯ ಸೋರುವುದು ಚಿಕ್ಕ ಚಿಕ್ಕ ಕಡೆ. ಹೀಟರಿನ ಮುಖ ದಕ್ಷಿಣಕ್ಕಿದ್ದು 20–25 ಡಿಗ್ರಿ ವಾಲಿರಬೇಕು. ಬಿಸಿನೀರು ಹೆಚ್ಚು ಬೇಕಾದ ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ಇಳಿದಿರುತ್ತಾನೆ. ತಾರಸಿಯಿಂದ ಬಚ್ಚಲಿಗೆ 15 ಮೀಟರ್ ಮುಕ್ಕಾಲು ಇಂಚಿನ ಪೈಪಿದ್ದರೆ ಪ್ರತಿ ಸಲವೂ ನಾಲ್ಕೈದು ಲೀಟರ್ ತಣ್ಣೀರು ಹರಿದ ಮೇಲೆ ಬಿಸಿ ಬರುತ್ತದೆ. ಸ್ನಾನಗಳೆಲ್ಲ ಒಂದರ ಹಿಂದೆ ಒಂದು ಮುಗಿದರೆ ಆ ನಷ್ಟ ಒಂದೇ ಸಲಕ್ಕೆ ನಿಲ್ಲುತ್ತದೆ. ಮೋಡದ ದಿನಕ್ಕೆಂದು ಟ್ಯಾಂಕಿನೊಳಗೇ ಕಾಯಿಲ್ ಹಾಕಿಸುವ ರೂಢಿ ಒಳ್ಳೆಯದಲ್ಲ. ಒಂದು ಬಕೆಟ್ಟಿಗಾಗಿ 100 ಲೀಟರನ್ನೂ ಅದು ಕಾಯಿಸುತ್ತದೆ. ಬಚ್ಚಲಿನಲ್ಲಿ ಚಿಕ್ಕ ಗೀಸರಿಟ್ಟು ಸೌರ ನೀರನ್ನೇ ಅದಕ್ಕೆ ಹಾಯಿಸಿದರೆ ಕಡಿಮೆ ಬಿದ್ದ ಐದಾರು ಡಿಗ್ರಿಯನ್ನಷ್ಟೇ ಕರೆಂಟು ತುಂಬಿಕೊಡುತ್ತದೆ. ಗಾಜಿನ ಮೇಲಿನ ರಸ್ತೆಯ ಧೂಳನ್ನು ಹದಿನೈದು ದಿನಕ್ಕೊಮ್ಮೆ ಬಿಸಿಲೇರುವ ಮುಂಚೆ ತೊಳೆಯಬೇಕು. ಏಪ್ರಿಲ್‌ನಲ್ಲಿ ಟ್ಯಾಂಕಿನ ನೀರು 70 ಡಿಗ್ರಿ ದಾಟಬಹುದು. 60 ಡಿಗ್ರಿಯ ನೀರೇ ಕೆಲವು ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ. ಮಕ್ಕಳಿರುವ ಮನೆಯಲ್ಲಿ ಬಕೆಟ್ಟಿಗೆ ಮೊದಲು ತಣ್ಣೀರು ಬಿಟ್ಟು, ಆಮೇಲೆ ಬಿಸಿನೀರಿನ ನಲ್ಲಿ ತಿರುಗಿಸಬೇಕು.